ಜೋ ಲೂಯಿಸನ ಬಾಕಿ ಲೆಕ್ಕ

ರಾಬರ್ಟ್‌ಸನ್‌ಪೇಟೆಯ ನಮ್ಮ ಹಳೆಯ ಮನೆಯ ನಡುಮನೆಯಲ್ಲಿ, ದೇವರ ಪಟಗಳ ಸಾಲಿನಿಂದ ತುಸು ದೂರಕ್ಕೆ, ಯಾವುದೋ ಇಂಗ್ಲಿಷ್ ವಾರಪತ್ರಿಕೆಯಿಂದ ಕತ್ತರಿಸಿ ಕಟ್ಟು ಹಾಕಿಸಿದ ಚಿತ್ರವೊಂದು ಬಹುಕಾಲ ತೂಗುತ್ತಿತ್ತು. ಅರೆಮುಚ್ಚಿದ ಕಣ್ಣು, ಯಾವ ಭಾವವನ್ನೂ ತೋರಗೊಡದ ಮುಖ, ಎದೆಯ ಮಟ್ಟಕ್ಕೆ ಎತ್ತಿದ ಎರಡು ಕೈಗವಸುಗಳು. ಬಂದ ನೆಂಟರು ಅದನ್ನು ಕಂಡು ಹುಬ್ಬೇರಿಸುತ್ತಿದ್ದರು. ನನ್ನ ತಂದೆಯವರು ಗಣಿ ಕಚೇರಿಯೊಂದರ ಗುಮಾಸ್ತರು. ಜೀವಮಾನದಲ್ಲಿ ಯಾರ ಮೇಲೂ ಕೈ ಎತ್ತಿದವರಲ್ಲ. ಆದರೂ ಆ ಪಟದ ಧೂಳನ್ನು ಅವರೇ ಒರೆಸುತ್ತಿದ್ದರು, ಇನ್ನೊಬ್ಬರ ಕೈಗೆ ಬಿಡುತ್ತಿರಲಿಲ್ಲ. ಚಿತ್ರದಲ್ಲಿದ್ದವನು ಜೋ ಲೂಯಿಸ್. ಸುಮಾರು ಹನ್ನೆರಡು ವರ್ಷಕಾಲ ಜಗತ್ತಿನ ಹೆವಿವೇಟ್ ಬಾಕ್ಸಿಂಗ್ ಪಟ್ಟವನ್ನು ತನ್ನಲ್ಲೇ ಇಟ್ಟುಕೊಂಡಿದ್ದ ಅಮೆರಿಕದ ಕಪ್ಪು ಜನಾಂಗದ ಬಾಕ್ಸರ್.

ನಿವೃತ್ತಿಯಾದ ಮೇಲೆ ಈ ಊರಿಗೇ ಮರಳಿ ಬಂದ ನನಗೆ ವಿಚಿತ್ರವಾದೊಂದು ಹವ್ಯಾಸ ಅಂಟಿಕೊಂಡಿದೆ. ಮಗ ತಂದುಕೊಟ್ಟ ಡಿವಿಡಿಗಳಲ್ಲಿ ಹಳೆಯ ಬಾಕ್ಸಿಂಗ್ ಪಂದ್ಯಗಳನ್ನು ಹಾಕಿಕೊಂಡು, ಸುತ್ತು ಸುತ್ತಿಗೂ ಅಂಕ ಬರೆಯುತ್ತಾ ಕೂರುವುದು. ಫಲಿತಾಂಶ ಗೊತ್ತಿರುವ ಪಂದ್ಯಕ್ಕೆ ಅಂಕ ಬರೆಯುವುದೇಕೆ ಎಂದು ಮನೆಯವರು ಕೇಳುತ್ತಾರೆ. ಕಡತ ಮುಗಿದ ಮೇಲೂ ಟಿಪ್ಪಣಿ ಬರೆಯುವ ಚಾಳಿ ಸರ್ಕಾರಿ ನೌಕರನಿಗೆ ಸುಲಭಕ್ಕೆ ಬಿಡುವಂಥದ್ದಲ್ಲ. ನನ್ನ ನಿಯಮಗಳು ಎರಡೇ. ವೀಕ್ಷಕ ವಿವರಣೆ ಕಿವಿಗೆ ಬಿದ್ದರೆ ಕಣ್ಣು ಅದರ ಹಿಂದೆ ಹೋಗುತ್ತದಾದ್ದರಿಂದ ಧ್ವನಿಯನ್ನು ಪೂರ್ತಿ ಅಡಗಿಸಬೇಕು. ಮುಂದಿನ ಸುತ್ತು ಆರಂಭವಾಗುವ ಮುನ್ನ ಅಂಕ ಬರೆದುಬಿಡಬೇಕು, ಆಮೇಲೆ ತಿದ್ದಬಾರದು. ಈ ನಿಯಮಗಳಿಗೆ ಬದ್ಧನಾಗಿ 1947ರ ಡಿಸೆಂಬರ್ 5ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ಲೂಯಿಸ್ ಮತ್ತು ಜರ್ಸಿ ಜೋ ವಾಲ್ಕಾಟ್ ನಡುವಣ ಪಂದ್ಯಕ್ಕೆ ನಾನು ಈವರೆಗೆ ನಾಲ್ಕು ಸಲ ಅಂಕ ಬರೆದಿದ್ದೇನೆ. ಒಂದು ಸಲವೂ ಲೂಯಿಸ್ ಗೆದ್ದಿಲ್ಲ. ತಂದೆಯವರು ಇದ್ದಿದ್ದರೆ ನನ್ನ ಪಟ್ಟಿಯನ್ನು ಖಂಡಿತ ಒಪ್ಪುತ್ತಿರಲಿಲ್ಲ.

ಕೋಲಾರದ ಚಿನ್ನದ ಗಣಿಗಳ ಜನರಿಗೂ ಲೂಯಿಸನಿಗೂ ಏನು ಸಂಬಂಧ ಎಂದು ಹೊರಗಿನವರು ಕೇಳಬಹುದು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಂದಿನಿಂದ ಇದು ಎರಡು ಲೋಕಗಳ ಊರು. ಒಂದೆಡೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಇನ್ನೊಂದೆಡೆ ಉತ್ತರ ಆರ್ಕಾಟ್, ಚಿತ್ತೂರು ಕಡೆಗಳಿಂದ ಬಂದು ಪಾತಾಳಕ್ಕಿಳಿದ ಕೂಲಿಕಾರರ ಸಾಲುಮನೆಗಳು. 1930ರಲ್ಲಿ ಬೆರಳಚ್ಚಿನ ನೋಂದಣಿಯನ್ನು ವಿರೋಧಿಸಿ ಇಲ್ಲಿನ ಕಾರ್ಮಿಕರು ಹೂಡಿದ ಮುಷ್ಕರವು, ಅವರನ್ನು ಯಾವ ದೃಷ್ಟಿಯಿಂದ ನೋಡಲಾಗುತ್ತಿತ್ತು ಎಂಬುದಕ್ಕೆ ಸಾಕ್ಷಿ. ಆಂಗ್ಲೋ ಇಂಡಿಯನ್ನರ ಮೂಲಕವೋ, ಮದರಾಸಿನ ನಂಟಿನಿಂದಲೋ ಬಾಕ್ಸಿಂಗ್ ಇಲ್ಲಿಗೂ ಬಂತು. 1930-40ರ ದಶಕಗಳಲ್ಲಿ ಗನ್‌ಬೋಟ್ ಜ್ಯಾಕ್ ಎಂಬ ಅಮೆರಿಕದ ಕಪ್ಪು ಬಾಕ್ಸರೊಬ್ಬ ಭಾರತದ ನಗರಗಳಲ್ಲಿ ಸೆಣಸುತ್ತಿದ್ದ. ಅವನ ಕಥೆಗಳನ್ನು ಹೇಳುವ ಹಿರಿಯರು ನನ್ನ ಬಾಲ್ಯದಲ್ಲಿ ಇನ್ನೂ ಇದ್ದರು. ಪ. ರಂಜಿತ್ 2021ರಲ್ಲಿ ತೆಗೆದ ‘ಸಾರ್ಪಟ್ಟ ಪರಂಬರೈ’ ಚಿತ್ರದಲ್ಲಿ ಉತ್ತರ ಮದರಾಸಿನ ಬಾಕ್ಸಿಂಗ್ ಹುಚ್ಚನ್ನು ಕಂಡವರಿಗೆ ಅದರ ಒಂದು ಎಳೆ ನಮ್ಮ ಗಣಿಯ ಊರಿಗೂ ಚಾಚಿತ್ತು ಎಂದರೆ ಆಶ್ಚರ್ಯವಾಗದು. ಬಿಳಿಯರ ಕ್ಲಬ್ಬಿನ ಬೇಲಿಯ ಹೊರಗೆ ನಿಂತವರಿಗೆ, ಬಿಳಿಯರೇ ಬರೆದ ನಿಯಮದ ಪ್ರಕಾರ ಬಿಳಿಯರನ್ನು ಕೆಡವುವ ಒಬ್ಬ ಮನುಷ್ಯ ಭೂಮಿಯ ಮೇಲೆ ಎಲ್ಲೋ ಇದ್ದಾನೆಂಬ ಸುದ್ದಿ ಸಣ್ಣದಾಗಿರಲಿಲ್ಲ.

ಜೋಸೆಫ್ ಲೂಯಿಸ್ ಬ್ಯಾರೋ ಹುಟ್ಟಿದ್ದು 1914ರ ಮೇ 13ರಂದು, ಅಲಬಾಮಾ ಸಂಸ್ಥಾನದ ಲಫಾಯೆಟ್ ಬಳಿಯ ಹತ್ತಿಯ ಸೀಮೆಯಲ್ಲಿ. ಅಜ್ಜ ಅಜ್ಜಿಯರು ಗುಲಾಮಗಿರಿ ಕಂಡವರು. ತಂದೆ ವಾರಕ್ಕೆ ಬೇಸಾಯ ಮಾಡುತ್ತಿದ್ದವನು. ಎಂಟು ಮಕ್ಕಳಲ್ಲಿ ಜೋ ಏಳನೆಯವನು. ಮಗುವಿಗೆ ಎರಡು ವರ್ಷವಾಗುವ ಹೊತ್ತಿಗೆ ತಂದೆ ಮಾನಸಿಕ ಆಸ್ಪತ್ರೆ ಸೇರಿದ. ಸಂಸಾರ ತಾಯಿ ಲಿಲ್ಲಿಯ ತಲೆಯ ಮೇಲೆ ಬಿತ್ತು. 1926ರಲ್ಲಿ ಕುಟುಂಬವು ದಕ್ಷಿಣದ ಲಕ್ಷಾಂತರ ಕಪ್ಪು ಜನರಂತೆ ಉತ್ತರಕ್ಕೆ, ಮೋಟಾರು ಕಾರ್ಖಾನೆಗಳ ಡೆಟ್ರಾಯಿಟಿಗೆ ಗುಳೆ ಹೊರಟಿತು. ಮಾತು ತಡವಾಗಿ ಬಂದ, ಓದಿನಲ್ಲಿ ಹಿಂದೆ ಬಿದ್ದ ಈ ಹುಡುಗನಿಗೆ ತಾಯಿ ಪಿಟೀಲು ಕಲಿಸಲು ಹೊರಟಳು. ಪಾಠಕ್ಕೆಂದು ಕೊಟ್ಟ ಹಣ ಬ್ರೂಸ್ಟರ್ ವ್ಯಾಯಾಮಶಾಲೆಯಲ್ಲಿ ಬಾಕ್ಸಿಂಗ್ ಕಲಿಯಲು ಖರ್ಚಾಯಿತು.

ಆರಂಭ ಶುಭವಾಗಿರಲಿಲ್ಲ. 1932ರಲ್ಲಿ ಹವ್ಯಾಸಿಯಾಗಿ ಆಡಿದ ಮೊದಲ ಪಂದ್ಯದಲ್ಲಿ ಜಾನಿ ಮೈಲರ್ ಎಂಬ ಅನುಭವಿ ಅವನನ್ನು ಮತ್ತೆ ಮತ್ತೆ ನೆಲಕ್ಕೆ ಕೆಡವಿದ. ಹುಡುಗ ಕೆಲಕಾಲ ಬಾಕ್ಸಿಂಗ್ ಬಿಟ್ಟು ಫೋರ್ಡ್ ಕಾರ್ಖಾನೆಯ ದುಡಿಮೆಗೆ ಹೋದ. ಮರಳಿ ಬಂದ ಮೇಲೆ 1934ರಲ್ಲಿ ರಾಷ್ಟ್ರೀಯ ಹವ್ಯಾಸಿ ಪಟ್ಟ ಗೆದ್ದು, ಅದೇ ಜುಲೈ 4ರಂದು ಷಿಕಾಗೋದಲ್ಲಿ ವೃತ್ತಿಪರನಾದ. ಅವನ ವ್ಯವಸ್ಥಾಪಕರಾದ ಜಾನ್ ರಾಕ್ಸ್‌ಬರೊ, ಜೂಲಿಯನ್ ಬ್ಲ್ಯಾಕ್ ಹಾಗೂ ತರಬೇತುದಾರ ಜ್ಯಾಕ್ ಬ್ಲ್ಯಾಕ್‌ಬರ್ನ್ ಮೂವರೂ ಕಪ್ಪು ಜನಾಂಗದವರೇ. ಅದಕ್ಕೂ ಹಿಂದೆ ಜ್ಯಾಕ್ ಜಾನ್ಸನ್ ಎಂಬ ಮೊದಲ ಕಪ್ಪು ಚಾಂಪಿಯನ್ ತನ್ನ ಗೆಲುವನ್ನು ಮುಚ್ಚಿಡದೆ ಮೆರೆದಿದ್ದ. ಬಿಳಿಯ ಅಮೆರಿಕ ಅದನ್ನು ಕ್ಷಮಿಸಿರಲಿಲ್ಲ. 1915ರಲ್ಲಿ ಅವನು ಪಟ್ಟ ಕಳೆದುಕೊಂಡ ಮೇಲೆ ಎರಡು ದಶಕ ಯಾವ ಕಪ್ಪು ಬಾಕ್ಸರನಿಗೂ ಆ ಪಟ್ಟಕ್ಕಾಗಿ ಸೆಣಸುವ ಅವಕಾಶ ದೊರೆಯಲಿಲ್ಲ. ಹೀಗಾಗಿ ಲೂಯಿಸನಿಗೆ ಕಟ್ಟುಪಾಡುಗಳ ಪಟ್ಟಿಯೇ ಸಿದ್ಧವಾಯಿತು: ಬಿದ್ದ ಎದುರಾಳಿಯ ಮುಂದೆ ಹಿಗ್ಗಬಾರದು, ಬಿಳಿಯ ಹೆಂಗಸಿನೊಡನೆ ಚಿತ್ರ ತೆಗೆಸಿಕೊಳ್ಳಬಾರದು, ಬದುಕೂ ಆಟವೂ ಶುದ್ಧವಾಗಿರಬೇಕು. ನಮ್ಮ ನಡುಮನೆಯ ಪಟದಲ್ಲಿದ್ದ ಆ ಭಾವಶೂನ್ಯ ಮುಖ ಸ್ವಭಾವವೋ ಶಿಸ್ತೋ ಎಂದು ನಾನು ಹುಡುಗನಾಗಿದ್ದಾಗ ಯೋಚಿಸಿರಲಿಲ್ಲ. ಈಗ ನನಗನ್ನಿಸುವುದು, ಅದರ ಬಹುಪಾಲು ಕಲಿಸಿ ಹಾಕಿಸಿದ ಮುಖವಾಡ. ಖಾಸಗಿ ಬದುಕಿನಲ್ಲಿ ಆತ ಧಾರಾಳಿ, ಸ್ತ್ರೀಲೋಲ, ಸಾಲಗಾರ, ಗಾಲ್ಫ್ ಪಣಕ್ಕೆ ಸಾವಿರಾರು ಡಾಲರ್ ಸುರಿಯುವವ.

1935ರಲ್ಲಿ ಮುಸೊಲಿನಿ ಇಥಿಯೋಪಿಯದ ಮೇಲೆ ಕಣ್ಣು ಹಾಕಿದ್ದ ಹೊತ್ತಿನಲ್ಲೇ ಲೂಯಿಸ್ ಇಟಲಿಯ ದೈತ್ಯ ಪ್ರೀಮೊ ಕಾರ್ನೆರಾನನ್ನು ಆರನೆಯ ಸುತ್ತಿನಲ್ಲಿ ಮುಗಿಸಿದ. ಸೆಪ್ಟೆಂಬರಿನಲ್ಲಿ ಮ್ಯಾಕ್ಸ್ ಬೇರ್ ಬಿದ್ದ. ಸೋಲೇ ಇಲ್ಲವೆಂದು ಜನ ನಂಬಿದ್ದಾಗ, 1936ರ ಜೂನ್ 19ರಂದು ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಹನ್ನೆರಡನೆಯ ಸುತ್ತಿನಲ್ಲಿ ಅವನನ್ನು ನಾಕೌಟ್ ಮಾಡಿದ. ಎಡಗೈಯ ಜ್ಯಾಬ್ ಹೊಡೆದ ಮೇಲೆ ಆ ಕೈಯನ್ನು ಲೂಯಿಸ್ ತಗ್ಗಿಸಿಕೊಂಡೇ ಹಿಂದಕ್ಕೆ ತರುತ್ತಾನೆಂಬುದನ್ನು ಶ್ಮೆಲಿಂಗ್ ಚಲನಚಿತ್ರಗಳನ್ನು ನೋಡಿ ಕಂಡುಕೊಂಡಿದ್ದ. ಹಳೆಯ ಪಂದ್ಯಗಳನ್ನು ಕೂತು ನೋಡುವುದು ನಿರುಪಯುಕ್ತ ಹವ್ಯಾಸ ಎನ್ನುವವರಿಗೆ ನಾನು ಈ ನಿದರ್ಶನ ಕೊಡುವುದುಂಟು. 1937ರ ಜೂನ್ 22ರಂದು ಷಿಕಾಗೋದಲ್ಲಿ ಜೇಮ್ಸ್ ಬ್ರ್ಯಾಡಕ್‌ನನ್ನು ಎಂಟನೆಯ ಸುತ್ತಿನಲ್ಲಿ ಸೋಲಿಸಿ ಲೂಯಿಸ್ ಪಟ್ಟವೇರಿದ. ಸರಿಯಾಗಿ ಒಂದು ವರ್ಷಕ್ಕೆ, ಯಾಂಕಿ ಕ್ರೀಡಾಂಗಣದಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರೆದುರು, ಶ್ಮೆಲಿಂಗ್ ಮತ್ತೆ ಎದುರಾದ. ಹಿಟ್ಲರನ ಪ್ರಚಾರಯಂತ್ರ ಅವನನ್ನು ತನ್ನ ಜನಾಂಗದ ಪ್ರತಿನಿಧಿಯೆಂದು ಬಿಂಬಿಸಿತ್ತು. ಶ್ಮೆಲಿಂಗ್ ಸ್ವತಃ ನಾಜಿ ಪಕ್ಷದ ಸದಸ್ಯನಾಗಿರಲಿಲ್ಲ ಎಂಬುದನ್ನು ಆಗ ಕೇಳುವವರಿರಲಿಲ್ಲ. ಪಂದ್ಯ 124 ಸೆಕೆಂಡಿಗೆ ಮುಗಿಯಿತು. ಅಂಕ ಬರೆಯುವವನಿಗೆ ಅಲ್ಲಿ ಕೆಲಸವೇ ಇಲ್ಲ.

1941ರ ಬಿಲ್ಲಿ ಕಾನ್ ಪಂದ್ಯದಲ್ಲಿ ಕೆಲಸವಿದೆ. ತೂಕದಲ್ಲಿ ತುಂಬಾ ಹಗುರನಾದ ಕಾನ್ ಹನ್ನೆರಡು ಸುತ್ತು ಮುಗಿದಾಗ ಇಬ್ಬರ ಪಟ್ಟಿಯಲ್ಲಿ ಮುಂದಿದ್ದ, ಮೂರನೆಯವರ ಪಟ್ಟಿಯಲ್ಲಿ ಸಮ. ಉಳಿದ ಸುತ್ತುಗಳಲ್ಲಿ ತಪ್ಪಿಸಿಕೊಂಡು ಓಡಾಡಿದ್ದರೂ ಪಟ್ಟ ಅವನದೇ ಆಗುತ್ತಿತ್ತೋ ಏನೋ. ನಾಕೌಟ್ ಮಾಡುವ ಆಸೆಗೆ ಬಿದ್ದು ಹದಿಮೂರನೆಯ ಸುತ್ತು ಮುಗಿಯಲು ಎರಡು ಸೆಕೆಂಡು ಇರುವಾಗ ತಾನೇ ಮಲಗಿದ.

ಅಮೆರಿಕ ಯುದ್ಧಕ್ಕಿಳಿದಾಗ ಲೂಯಿಸ್ 1942ರ ಜನವರಿಯಲ್ಲಿ ಬಡ್ಡಿ ಬೇರ್‌ನನ್ನು ಸೋಲಿಸಿ, ಬಂದ ಹಣವನ್ನು ನೌಕಾಪಡೆಯ ಪರಿಹಾರ ನಿಧಿಗೆ ಕೊಟ್ಟ. ಕಪ್ಪು ಜನರಿಗೆ ಅಡುಗೆ, ಊಟ ಬಡಿಸುವ ಕೆಲಸದಾಚೆಗೆ ಹೆಚ್ಚೇನನ್ನೂ ಕೊಡದಿದ್ದ ನೌಕಾಪಡೆ ಅದು. ಮಾರ್ಚಿಯಲ್ಲಿ ಏಬ್ ಸೈಮನ್ ಪಂದ್ಯದ ಹಣ ಭೂಸೇನೆಯ ನಿಧಿಗೆ ಹೋಯಿತು. ಆ ನಡುವೆ ತಾನೇ ಸಾಮಾನ್ಯ ಸಿಪಾಯಿಯಾಗಿ ಸೇನೆ ಸೇರಿದ. ಲಕ್ಷಾಂತರ ಯೋಧರೆದುರು ಪ್ರದರ್ಶನ ಪಂದ್ಯಗಳನ್ನಾಡಿದ. ಫೋರ್ಟ್ ರೈಲಿಯಲ್ಲಿ ಕಪ್ಪು ಸೈನಿಕರಿಗೆ ಅಧಿಕಾರಿ ತರಬೇತಿಯ ಬಾಗಿಲು ಮುಚ್ಚಿದ್ದಾಗ ವಾಷಿಂಗ್ಟನ್ನಿನ ತನ್ನ ಪರಿಚಯಸ್ಥರಿಗೆ ತಿಳಿಸಿ ಅದನ್ನು ತೆರೆಸಿದವರಲ್ಲಿ ಲೂಯಿಸ್ ಒಬ್ಬ. ಒಳಹೋದವರಲ್ಲಿ ಮುಂದೆ ಬೇಸ್‌ಬಾಲ್‌ನ ವರ್ಣಭೇದ ಮುರಿದ ಜ್ಯಾಕಿ ರಾಬಿನ್ಸನ್ ಸೇರಿದ್ದ.

ಇನ್ನು ನನ್ನ ನೋಟುಬುಕ್ಕಿನ ಪಂದ್ಯ. 1947ರಲ್ಲಿ ಇಬ್ಬರಿಗೂ ವಯಸ್ಸು ಮೂವತ್ತಮೂರು. ವಾಲ್ಕಾಟನ ನಿಜನಾಮ ಆರ್ನಲ್ಡ್ ಕ್ರೀಮ್. ಆರು ಮಕ್ಕಳ ತಂದೆ. ಸಿಕ್ಕಿದ ಕೂಲಿ ಮಾಡಿ, ಸರ್ಕಾರದ ಪರಿಹಾರದ ಹಣದಲ್ಲೂ ದಿನ ದೂಡಿದವನು. ಅವನು ಗೆಲ್ಲಬಲ್ಲನೆಂದು ಯಾರೂ ಎಣಿಸಿರಲಿಲ್ಲ. ಮೊದಲ ಸುತ್ತಿನಲ್ಲೇ ಲೂಯಿಸ್ ನೆಲಕ್ಕುರುಳಿದ, ನಾಲ್ಕನೆಯದರಲ್ಲಿ ಮತ್ತೊಮ್ಮೆ. ಉಳಿದಂತೆ ಇಡೀ ಪಂದ್ಯ ಒಂದು ಬೇಟೆ: ಲೂಯಿಸ್ ಮುಂದೊತ್ತುತ್ತಾನೆ, ವಾಲ್ಕಾಟ್ ಪಕ್ಕಕ್ಕೆ ಜಾರಿ, ಬೆನ್ನು ತಿರುಗಿಸಿ ನಡೆದಂತೆ ನಟಿಸಿ, ತಟ್ಟನೆ ತಿರುಗಿ ಬಲಗೈ ಬೀಸುತ್ತಾನೆ. ಗೆಲುವು ಖಚಿತವೆಂದುಕೊಂಡು ಕೊನೆಯ ಸುತ್ತಿನಲ್ಲಿ ಅವನು ದೂರದೂರವೇ ಉಳಿದ. ಮುಗಿದ ಗಂಟೆ ಬಾರಿಸಿದಾಗ ಲೂಯಿಸ್ ತೀರ್ಪಿಗೂ ಕಾಯದೆ ರಿಂಗಿನಿಂದ ಇಳಿಯಲು ಹೊರಟಿದ್ದ. ರೆಫರಿ ರೂಬಿ ಗೋಲ್ಡ್‌ಸ್ಟೀನ್ ಏಳು ಸುತ್ತು ವಾಲ್ಕಾಟನಿಗೆ, ಆರು ಲೂಯಿಸನಿಗೆ, ಎರಡು ಸಮ ಎಂದು ಬರೆದಿದ್ದರು. ತೀರ್ಪುಗಾರ ಫ್ರ್ಯಾಂಕ್ ಫೋರ್ಬ್ಸ್ ಎಂಟು ಲೂಯಿಸನಿಗೆ, ಆರು ವಾಲ್ಕಾಟನಿಗೆ, ಒಂದು ಸಮ ಎಂದರು. ಮಾರ್ಟಿ ಮನ್ರೋ ಒಂಬತ್ತು ಮತ್ತು ಆರು ಎಂದು ಲೂಯಿಸನ ಕಡೆಗೇ ನಿಂತರು. ಇಬ್ಬರ ಬಹುಮತದಿಂದ ಪಟ್ಟ ಉಳಿಯಿತು. ಸಭಿಕರು ಕೂಗಿ ಪ್ರತಿಭಟಿಸಿದರು. ರಿಂಗಿನ ಪಕ್ಕದಲ್ಲಿದ್ದ ಪತ್ರಕರ್ತರಲ್ಲಿ ಬಹುಪಾಲಿನವರ ಲೆಕ್ಕದಲ್ಲೂ ಗೆದ್ದವನು ವಾಲ್ಕಾಟನೇ.

ಇಲ್ಲಿ ಎಣಿಕೆಯ ಪದ್ಧತಿಯೊಂದನ್ನು ಗಮನಿಸಬೇಕು. ಆಗ ನ್ಯೂಯಾರ್ಕಿನಲ್ಲಿ ಸುತ್ತುಗಳನ್ನಷ್ಟೇ ಎಣಿಸುತ್ತಿದ್ದರು. ಎದುರಾಳಿಯನ್ನು ಕೆಡವಿ ಗೆದ್ದ ಸುತ್ತಿಗೂ, ಒಂದೆರಡು ಜ್ಯಾಬ್ ಹೆಚ್ಚು ಹೊಡೆದು ಗೆದ್ದ ಸುತ್ತಿಗೂ ಬೆಲೆ ಒಂದೇ. ಇಂದಿನ ಪದ್ಧತಿಯಲ್ಲಿ ಸುತ್ತು ಗೆದ್ದವನಿಗೆ 10, ಸೋತವನಿಗೆ 9. ನೆಲಕ್ಕುರುಳಿದ್ದರೆ ಸಾಮಾನ್ಯವಾಗಿ 8. ಲೂಯಿಸ್ ಬಿದ್ದ ಎರಡು ಸುತ್ತುಗಳನ್ನು ಮೂವರೂ ವಾಲ್ಕಾಟನಿಗೇ ಕೊಟ್ಟಿದ್ದರೆಂದು ಇಟ್ಟುಕೊಂಡು ಅದೇ ಪಟ್ಟಿಗಳನ್ನು ಈ ಪದ್ಧತಿಗೆ ಬದಲಿಸಿ ನೋಡಿದೆ. ಗೋಲ್ಡ್‌ಸ್ಟೀನರದು ವಾಲ್ಕಾಟನ ಪರ 144-141. ಮನ್ರೋ ಅವರದು ಲೂಯಿಸನ ಪರ 142-141. ಫೋರ್ಬ್ಸ್ ಅವರದು 142-142, ಅಂದರೆ ಸಮ. ಒಬ್ಬರು ಅತ್ತ, ಒಬ್ಬರು ಇತ್ತ, ಒಬ್ಬರು ನಡುವೆ: ಪಂದ್ಯ ಡ್ರಾ. ಡ್ರಾ ಆದರೆ ಪಟ್ಟ ಹಳೆಯ ಚಾಂಪಿಯನ್ನನ ಬಳಿಯೇ ಉಳಿಯುವುದು ರೂಢಿ. ನಿಯಮ ಬದಲಿಸಿದರೂ ಕಿರೀಟ ಲೂಯಿಸನ ತಲೆಯ ಮೇಲೇ ಕೂತಿತು! ಈ ಲೆಕ್ಕ ಹಾಕಿದ ರಾತ್ರಿ ತಂದೆಯವರ ನೆನಪು ಬಹಳ ಬಂತು. ಆದರೆ ನನ್ನ ಸ್ವಂತ ಪಟ್ಟಿಯಲ್ಲಿ ವಾಲ್ಕಾಟ್ ಇನ್ನೂ ಮುಂದಿದ್ದಾನೆ.

1948ರ ಜೂನ್ 25ರ ಮರುಪಂದ್ಯದಲ್ಲಿ ಲೂಯಿಸ್ ಮತ್ತೊಮ್ಮೆ ಬಿದ್ದು, ಎದ್ದು, ಹನ್ನೊಂದನೆಯ ಸುತ್ತಿನಲ್ಲಿ ವಾಲ್ಕಾಟನನ್ನು ನಾಕೌಟ್ ಮಾಡಿ ವಿವಾದ ಮುಗಿಸಿದ. 1949ರ ಮಾರ್ಚಿಯಲ್ಲಿ ನಿವೃತ್ತಿ ಘೋಷಿಸಿದ. ಪಟ್ಟವೇರಿ ಹನ್ನೊಂದು ವರ್ಷ ಎಂಟು ತಿಂಗಳು. ಅದನ್ನು ಉಳಿಸಿಕೊಂಡದ್ದು ಇಪ್ಪತ್ತೈದು ಸಲ. ಅಲ್ಲಿಗೆ ಈ ಜೀವನಚರಿತ್ರೆ ಸುಖಾಂತವಾಗಬೇಕಿತ್ತು. ಆಗಲಿಲ್ಲ. ಕಾರಣ ಯಾವ ಬಾಕ್ಸರನೂ ಅಲ್ಲ, ತೆರಿಗೆ.

ಅರ್ಥಶಾಸ್ತ್ರ ಓದಿ, ಸೇವಾವಧಿಯಲ್ಲಿ ಬಾಕಿ ವಸೂಲಿಯ ನೋಟಿಸುಗಳಿಗೆ ಸಹಿ ಹಾಕಿದವನಾದ್ದರಿಂದ ಈ ಭಾಗವನ್ನು ನಾನು ಪಕ್ಷಪಾತವಿಲ್ಲದೆ ಹೇಳಲು ಯತ್ನಿಸುತ್ತೇನೆ. ಯುದ್ಧ ನಿಧಿಗೆ ಕೊಟ್ಟ ಹಣಕ್ಕೇ ಸರ್ಕಾರ ತೆರಿಗೆ ಹಾಕಿ ಅವನನ್ನು ಮುಳುಗಿಸಿತು ಎಂಬ ಕಥೆ ಜನಪ್ರಿಯ. ಸಂಗತಿ ಅಷ್ಟು ಸರಳವಲ್ಲ. 1946ರ ಎರಡನೆಯ ಕಾನ್ ಪಂದ್ಯವೊಂದರಿಂದಲೇ ಲೂಯಿಸನ ಪಾಲಿಗೆ ಬಂದದ್ದು ಆರು ಲಕ್ಷ ಡಾಲರಿಗೂ ಮಿಕ್ಕಿ. ಯುದ್ಧಕಾಲದಲ್ಲಿ ಪ್ರವರ್ತಕ ಮೈಕ್ ಜೇಕಬ್ಸನಿಂದ ಪಡೆದ ಮುಂಗಡ, ವ್ಯವಸ್ಥಾಪಕರ ಪಾಲು, ವಿಚ್ಛೇದನದ ಒಪ್ಪಂದ ಎಲ್ಲವೂ ಅದರಲ್ಲಿ ಕರಗಿದವು. ತೆರಿಗೆಗೆಂದು ಎತ್ತಿಟ್ಟವರಿಲ್ಲ. 1944ರಲ್ಲಿ ಅಮೆರಿಕದ ಆದಾಯ ತೆರಿಗೆಯ ಗರಿಷ್ಠ ದರ ಶೇಕಡ 94 ಇತ್ತು. 1946ರಲ್ಲೂ ಶೇಕಡ 85ರ ಮೇಲೆಯೇ. ಲೆಕ್ಕ ಬರೆದವರು ಖರ್ಚೆಂದು ತೋರಿಸಿದ್ದನ್ನು ಇಲಾಖೆ ಒಪ್ಪಲಿಲ್ಲ. 1950ರ ಹೊತ್ತಿಗೆ ಬಡ್ಡಿ, ದಂಡ ಸೇರಿ ಬಾಕಿ ಐದು ಲಕ್ಷ ಡಾಲರ್ ದಾಟಿತ್ತು. ಆ ದಶಕ ಮುಗಿಯುವಾಗ ಹತ್ತು ಲಕ್ಷ. ಹಣ ಕಟ್ಟಲು ಹಣ ಬೇಕು, ಹಣಕ್ಕೆ ರಿಂಗು ಬೇಕು. 1950ರ ಸೆಪ್ಟೆಂಬರಿನಲ್ಲಿ ಎಜ್ಜರ್ಡ್ ಚಾರ್ಲ್ಸ್ ಎದುರು ಹದಿನೈದು ಸುತ್ತು ಸೆಣಸಿ ಸೋತ. 1951ರ ಅಕ್ಟೋಬರ್ 26ರಂದು ತಲೆಯ ಮೇಲೆ ಕೂದಲು ತೆಳುವಾದ ಮೂವತ್ತೇಳರ ಲೂಯಿಸನನ್ನು ಯುವಕ ರಾಕಿ ಮಾರ್ಸಿಯಾನೊ ಎಂಟನೆಯ ಸುತ್ತಿನಲ್ಲಿ ಹಗ್ಗಗಳಾಚೆಗೆ ಬೀಳಿಸಿದ. ಆ ಪಂದ್ಯಕ್ಕೆ ಅಂಕ ಬರೆಯಲು ನಾನು ಒಮ್ಮೆ ಕೂತಿದ್ದೆ, ಪೆನ್ನು ಕೆಳಗಿಟ್ಟುಬಿಟ್ಟೆ.

ತಪ್ಪು ಯಾರದು? ಖರ್ಚು ಮಾಡಿದವನದೂ ಹೌದು, ಅವನ ಲೆಕ್ಕ ನೋಡಿಕೊಂಡವರದೂ ಹೌದು. ಆದರೆ ತೆರಿಗೆಯ ವಿನ್ಯಾಸದಲ್ಲೇ ಒಂದು ದೋಷವಿತ್ತು. ಗುಮಾಸ್ತನೊಬ್ಬ ಮೂವತ್ತೈದು ವರ್ಷದಲ್ಲಿ ಗಳಿಸುವುದನ್ನು ಬಾಕ್ಸರ್ ಕೆಲವೇ ರಾತ್ರಿಗಳಲ್ಲಿ ಗಳಿಸುತ್ತಾನೆ. ಆಮೇಲೆ ಅವನ ದೇಹ ನಿರುಪಯುಕ್ತ. ವರ್ಷ ವರ್ಷಕ್ಕೆ ಲೆಕ್ಕ ಮುಗಿಸುವ ಏರಿಕೆ ದರದ ತೆರಿಗೆ, ಒಟ್ಟು ಗಳಿಕೆ ಒಂದೇ ಆಗಿದ್ದರೂ ಇವನಿಂದ ಬಹಳ ಹೆಚ್ಚು ಕಿತ್ತುಕೊಳ್ಳುತ್ತದೆ. ಆದಾಯವನ್ನು ವರ್ಷಗಳ ಮೇಲೆ ಹರಡಿ ಸರಾಸರಿ ತೆರಿಗೆ ಹಾಕುವ ವಿಧಾನವನ್ನು ವಿಲಿಯಂ ವಿಕ್ರಿ 1939ರಲ್ಲೇ ಪ್ರಬಂಧವೊಂದರಲ್ಲಿ ವಿವರಿಸಿದ್ದರು. 1996ರಲ್ಲಿ ನೊಬೆಲ್ ಪಡೆದ ಅದೇ ವಿಕ್ರಿ. ಅಮೆರಿಕ ಒಂದು ಬಗೆಯ ಸರಾಸರಿ ಪದ್ಧತಿಯನ್ನು 1964ರಲ್ಲಿ ತಂದಿತು, 1986ರಲ್ಲಿ ಕೈಬಿಟ್ಟಿತು. ಲೂಯಿಸನಿಗೆ ಅದು ಒದಗಲಿಲ್ಲ. ನಮ್ಮಲ್ಲಿ ವೇತನ ಆಯೋಗದ ಹಿಂಬಾಕಿ ಒಟ್ಟಿಗೆ ಕೈಸೇರಿದಾಗ 1961ರ ಆದಾಯ ತೆರಿಗೆ ಕಾಯ್ದೆಯ 89ನೆಯ ಕಲಮಿನಡಿ ಅದನ್ನು ಹಿಂದಿನ ವರ್ಷಗಳಿಗೆ ಹಂಚಿ ರಿಯಾಯಿತಿ ಪಡೆದ ನೌಕರರಲ್ಲಿ ನಾನೂ ಒಬ್ಬ. 1973-74ರಲ್ಲಿ ನಮ್ಮ ಗರಿಷ್ಠ ದರವೂ ಸರ್‌ಚಾರ್ಜ್ ಸೇರಿ ಶೇಕಡ 97.75 ಇತ್ತು ಎಂಬುದನ್ನು ಮರೆಯಬಾರದು. ನಿಯಮ ತಪ್ಪಾಗಿ ಅನ್ವಯವಾಗಿಲ್ಲ ಎಂದು ಕಡತದಲ್ಲಿ ಬರೆಯುವುದು ಸುಲಭ. ನಾನೂ ಎಷ್ಟೋ ಸಲ ಬರೆದಿದ್ದೇನೆ. ಮೊದಲ ಗಳಿಕೆ ಕೈಗೆ ಬಂದಾಗ, ಬಡತನದ ದಿನಗಳಲ್ಲಿ ತನ್ನ ಮನೆ ಪಡೆದಿದ್ದ ಪರಿಹಾರದ ಹಣವನ್ನು ಡೆಟ್ರಾಯಿಟ್ ನಗರಕ್ಕೆ ಹಿಂದಿರುಗಿಸಿದವನು ಈತ. 1953ರಲ್ಲಿ ತಾಯಿ ಲಿಲ್ಲಿ ತೀರಿಕೊಂಡಾಗ ಆಕೆ ಮಗನಿಗೆಂದು ಬಿಟ್ಟುಹೋದ 667 ಡಾಲರನ್ನೂ ಇಲಾಖೆ ಬಾಕಿಗೆ ಜಮಾ ಮಾಡಿಕೊಂಡಿತು.

ಆಮೇಲಿನ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. 1952ರಲ್ಲಿ ಸ್ಯಾನ್ ಡಿಯಾಗೋ ಗಾಲ್ಫ್ ಪಂದ್ಯಾವಳಿಯಲ್ಲಿ ಆಡಿ, ವೃತ್ತಿಪರ ಗಾಲ್ಫ್ ಸಂಘದ ವರ್ಣಬೇಲಿಯಲ್ಲಿ ಒಂದು ಕಿಂಡಿ ಕೊರೆದ. 1956ರಲ್ಲಿ ಹಣಕ್ಕಾಗಿ ಪ್ರದರ್ಶನದ ಕುಸ್ತಿಗೂ ಇಳಿದ. 60ರ ದಶಕದಲ್ಲಿ ಇಲಾಖೆ ಪಟ್ಟು ಸಡಿಲಿಸಿ, ಆಯಾ ವರ್ಷದ ಆದಾಯಕ್ಕೆ ತಕ್ಕಷ್ಟು ಮಾತ್ರ ಪಡೆಯಲು ಒಪ್ಪಿತು. 1970ರಲ್ಲಿ ಮನಸ್ಸು ಕದಡಿ ಆಸ್ಪತ್ರೆ ಸೇರಿದ. ಹೊರಬಂದ ಮೇಲೆ ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್ ಜೂಜುಗೃಹದಲ್ಲಿ ಬಂದವರ ಕೈಕುಲುಕಿ ಸ್ವಾಗತಿಸುವ ಕೆಲಸ. ಇದನ್ನು ಕೆಲವರು ಪತನ ಎನ್ನುತ್ತಾರೆ. ದುಡಿದು ತಿನ್ನುವುದರಲ್ಲಿ ನನಗೆ ಅಂಥದ್ದೇನೂ ಕಾಣುವುದಿಲ್ಲ. ಶ್ಮೆಲಿಂಗ್ ಅಷ್ಟರಲ್ಲಿ ಜರ್ಮನಿಯಲ್ಲಿ ಕೋಕಾ ಕೋಲಾ ವ್ಯವಹಾರದಿಂದ ಶ್ರೀಮಂತನಾಗಿದ್ದ. ಗೆಳೆಯನಾಗಿ ಬಂದು ಹೋಗಿ, ಹಣದ ನೆರವನ್ನೂ ಕೊಟ್ಟ. ವಾಲ್ಕಾಟ್ 1951ರಲ್ಲಿ ಮೂವತ್ತೇಳನೆಯ ವಯಸ್ಸಿನಲ್ಲಿ ಕೊನೆಗೂ ಚಾಂಪಿಯನ್ ಆದ, ಮುಂದೆ ನ್ಯೂಜರ್ಸಿಯಲ್ಲಿ ಕೌಂಟಿಯೊಂದರ ಷೆರಿಫ್ ಆಗಿ ಚುನಾಯಿತನಾದ.

1977ರಿಂದ ಲೂಯಿಸ್ ಗಾಲಿಕುರ್ಚಿಯಲ್ಲಿದ್ದ. 1981ರ ಏಪ್ರಿಲ್ 11ರ ರಾತ್ರಿ ಲ್ಯಾರಿ ಹೋಮ್ಸ್ ಮತ್ತು ಟ್ರೆವರ್ ಬರ್ಬಿಕ್ ಪಂದ್ಯಕ್ಕೆ ಅವನನ್ನು ಕರೆತಂದಾಗ ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮರುದಿನ ಹೃದಯಾಘಾತವಾಯಿತು. ಅರವತ್ತಾರು ವರ್ಷ. ಅಧ್ಯಕ್ಷ ರೇಗನ್ ನಿಯಮ ಸಡಿಲಿಸಿದ್ದರಿಂದ ಆರ್ಲಿಂಗ್ಟನ್ನಿನ ಸೈನಿಕ ಸ್ಮಶಾನದಲ್ಲಿ ಅವನಿಗೆ ಜಾಗ ದೊರೆಯಿತು. ಇಂಗ್ಲಿಷ್ ಪತ್ರಿಕೆಯಲ್ಲಿ ಆ ಸುದ್ದಿ ಓದಿದ ದಿನ ತಂದೆಯವರು ಪಟವನ್ನು ಗೋಡೆಯಿಂದಿಳಿಸಿ, ಒರೆಸಿ, ಮತ್ತೆ ಅದೇ ಮೊಳೆಗೆ ತೂಗುಹಾಕಿದ್ದು ನೆನಪಿದೆ.

2001ರಲ್ಲಿ ಗಣಿ ಮುಚ್ಚಿತು. ಪಟದ ಕಾಗದ ಗೆದ್ದಲು ಹಿಡಿದು ಹೋಯಿತು, ಕಟ್ಟು ಮಾತ್ರ ಅಟ್ಟದ ಮೇಲಿದೆ. ಕಳೆದ ವಾರ 1947ರ ಪಂದ್ಯವನ್ನು ಐದನೆಯ ಸಲ ಹಾಕಿದೆ. ಹದಿನಾಲ್ಕು ಸುತ್ತಿಗೆ ವಾಲ್ಕಾಟನಿಗೆ ಏಳು, ಲೂಯಿಸನಿಗೆ ಆರು, ಒಂದು ಸಮ. ಹದಿನೈದನೆಯದು ಆರಂಭವಾಗುವಾಗ ವಿದ್ಯುತ್ ಹೋಯಿತು. ಆ ಸಾಲನ್ನು ಹಾಗೆಯೇ ಖಾಲಿ ಬಿಟ್ಟಿದ್ದೇನೆ.